ಬ್ರೇಕ್‌ಥ್ರೂ: ಸುರಂಗದಿಂದ ಸುದ್ದಿಯವರೆಗೆ

ಬಹುಕಾಲ ಮುಂದೆ ಸಾಗದೆ ನಿಂತಿದ್ದ ಕೆಲಸವೊಂದು ಒಮ್ಮೆಲೇ ದಾರಿ ಕಂಡರೆ ಇಂಗ್ಲಿಷಿನಲ್ಲಿ ಅದನ್ನು ‘ಬ್ರೇಕ್‌ಥ್ರೂ’ ಎನ್ನುತ್ತಾರೆ. ಒಡೆಯುವುದು, ಆಚೆಗೆ ಎಂಬ ಎರಡು ಮಾತುಗಳು ಕೂಡಿ ಆದ ಪದ ಅದು. ಹೊಸ ಲಸಿಕೆ, ಕೊಲೆ ಪ್ರಕರಣದಲ್ಲಿ ಸಿಕ್ಕ ಸುಳಿವು, ಗಡಿ ಮಾತುಕತೆಯಲ್ಲಿ ಮೂಡಿದ ಒಮ್ಮತ, ನಟನಿಗೆ ಹೆಸರು ತಂದ ಮೊದಲ ಸಿನಿಮಾ, ಎಲ್ಲಕ್ಕೂ ಇವತ್ತು ಇದೇ ಮಾತು ನಡೆಯುತ್ತದೆ. ಇವೆಲ್ಲ ಆಮೇಲೆ ಸೇರಿಕೊಂಡ ಅರ್ಥಗಳು. ಈ ಮಾತು ಅಕ್ಷರಶಃ ನಿಜವಾಗಿದ್ದ ಕಸುಬುಗಳು ಎರಡೇ: ಒಂದು ಸುರಂಗ ತೋಡುವುದು, ಇನ್ನೊಂದು ಶತ್ರುವಿನ ರಕ್ಷಣಾ ಸಾಲನ್ನು ಮುರಿಯುವುದು. ನಾಮಪದವಾಗಿ ಇದು ಯುದ್ಧದ ಅರ್ಥದಲ್ಲಿ ಕಾಣಿಸಿಕೊಂಡದ್ದು 1918ರ ಸುಮಾರಿಗೆ ಎಂದು ಶಬ್ದಚರಿತ್ರೆಯ ಕೋಶಗಳು ಹೇಳುತ್ತವೆ. ಸಂಶೋಧನೆಯ ಮುನ್ನಡೆ ಎಂಬ ಅರ್ಥ ಬಂದದ್ದು 1930ರ ದಶಕದಿಂದ ಈಚೆಗೆ. ಆದರೆ ಈ ಪದ ಹೆಸರಿಸುವ ಅನುಭವಕ್ಕೆ ಎರಡೂವರೆ ಸಾವಿರ ವರ್ಷಕ್ಕೂ ಮೀರಿದ ವಯಸ್ಸಿದೆ. ಆ ಉದ್ದದ ಚರಿತ್ರೆಯಲ್ಲಿ, ಪದಕ್ಕೆ ಈಗ ಅಂಟಿಕೊಂಡಿರುವ ‘ದಿಢೀರ್’ ಎಂಬ ಛಾಯೆಗೆ ಆಧಾರ ಸಿಗುವುದು ಬಹಳ ಕಡಿಮೆ.

ಸುರಂಗ ಕೂಡಿದ ಗಳಿಗೆಯ ಅತ್ಯಂತ ಹಳೆಯ ವರದಿಗಳಲ್ಲೊಂದು ಜೆರುಸಲೇಮಿನ ಸಿಲೋವಾಮ್ ಸುರಂಗದ ಗೋಡೆಯ ಮೇಲಿತ್ತು. ಕ್ರಿ.ಪೂ. 8ನೆಯ ಶತಮಾನದ ಕೊನೆಯಲ್ಲಿ, ಅಸ್ಸೀರಿಯದ ಸೇನೆ ಮುತ್ತಿಗೆ ಹಾಕೀತೆಂಬ ಭಯದಲ್ಲಿ ರಾಜ ಹಿಜ್ಕೀಯ ಊರ ಹೊರಗಿನ ಬುಗ್ಗೆಯ ನೀರನ್ನು ಒಳಗೆ ತರಲು ಇದನ್ನು ತೋಡಿಸಿದನೆಂಬುದು ಸಾಮಾನ್ಯ ಅಭಿಪ್ರಾಯ. ಉದ್ದ 533 ಮೀಟರ್. ಎರಡೂ ತುದಿಗಳಿಂದ ಕಲ್ಲುಕುಟಿಗರು ಹೊರಟರು. ಸುರಂಗ ನೇರವಾಗಿಲ್ಲ, ಹಾವಿನಂತೆ ಹೊರಳಿದೆ. ನಡುವೆ ಎರಡು ತಂಡಗಳು ಹತ್ತಿರವಾದ ಜಾಗದಲ್ಲಂತೂ ಎಡಕ್ಕೂ ಬಲಕ್ಕೂ ಚಿಕ್ಕ ಚಿಕ್ಕ ತಿರುವುಗಳಿವೆ. ಶಬ್ದ ಬಂದ ಕಡೆಗೆ ಉಳಿ ಹೊರಳಿಸಿದ ಗುರುತುಗಳಿವು. 1880ರಲ್ಲಿ ಪತ್ತೆಯಾದ ಅಲ್ಲಿನ ಶಾಸನ ಹೇಳುವುದು ಆ ಕೊನೆಯ ಗಳಿಗೆಯ ಕಥೆಯನ್ನೇ. ಇನ್ನು ಮೂರು ಮೊಳ ಬಂಡೆ ಉಳಿದಿದ್ದಾಗ ಆಚೆಯವನು ಈಚೆಯವನನ್ನು ಕೂಗಿದ್ದು ಕೇಳಿಸಿತು, ಗುದ್ದಲಿಗೆ ಎದುರಾಗಿ ಗುದ್ದಲಿ ಬಿತ್ತು, ನೀರು ಹರಿಯಿತು ಎಂಬುದು ಅದರ ಸಾರ. ತೋಡಿಸಿದ ದೊರೆಯ ಹೆಸರು ಉಳಿದಿರುವ ಸಾಲುಗಳಲ್ಲಿ ಎಲ್ಲೂ ಇಲ್ಲ. ಬರೆಸಿದವರು ಕೆಲಸದವರ ಕಡೆಯವರೇ ಇರಬೇಕು ಎಂಬ ಊಹೆಗೆ ಇದು ಎಡೆ ಕೊಟ್ಟಿದೆ. ಕಲ್ಲು ಈಗ ಇಸ್ತಾಂಬುಲ್‌ನ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿದೆ.

ಕ್ರಿ.ಪೂ. 6ನೆಯ ಶತಮಾನದಲ್ಲಿ ಗ್ರೀಸಿನ ಸೇಮೋಸ್ ದ್ವೀಪದಲ್ಲಿ ಯುಪಲಿನೋಸ್ ಎಂಬಾತ 1,036 ಮೀಟರ್ ಉದ್ದದ ನೀರಿನ ಸುರಂಗ ತೋಡಿಸಿದ. ಹೆರೊಡೊಟಸ್ ತನ್ನ ಇತಿಹಾಸದಲ್ಲಿ ಮೆಚ್ಚಿ ಬರೆದ ಕೆಲಸಗಳಲ್ಲಿ ಇದೂ ಒಂದು. ಇಲ್ಲಿ ಕಿವಿಗಿಂತ ರೇಖಾಗಣಿತಕ್ಕೆ ಹೆಚ್ಚು ಬೆಲೆ. ಮಧ್ಯಕ್ಕೆ ಬಂದಾಗ ಎರಡೂ ಬದಿಯವರು ಬೇಕೆಂದೇ ಓರೆಯಾಗಿ ತೋಡಿದ್ದಾರೆ. ಎರಡು ಗೆರೆಗಳು ಸಮಾನಾಂತರವಾಗಿ ಒಂದನ್ನೊಂದು ತಪ್ಪಿಸಿಕೊಂಡು ಹೋಗಬಹುದು. ಒಂದು ಗೆರೆ ಅಡ್ಡಕ್ಕೆ ಹೊರಳಿದರೆ ಎಲ್ಲಾದರೂ ಸಂಧಿಸಲೇಬೇಕು.

ತಪ್ಪಿಸಿಕೊಂಡು ಹೋದದ್ದಕ್ಕೂ ದಾಖಲೆಯಿದೆ. ಈಗಿನ ಅಲ್ಜೀರಿಯದ ಕರಾವಳಿಯ ಸಾಲ್ಡೇ ಎಂಬ ಊರಿಗೆ ನೀರು ತರಲು ಕ್ರಿ.ಶ. 2ನೆಯ ಶತಮಾನದಲ್ಲಿ ರೋಮನ್ನರು ಬೆಟ್ಟ ಕೊರೆಯತೊಡಗಿದರು. ಅಳತೆ ಹಾಕಿಕೊಟ್ಟವನು ಸೇನೆಯ ಮೋಜಣಿದಾರ ನೋನಿಯಸ್ ದಾತಸ್. ಗೆರೆ ಗುರುತಿಸಿಕೊಟ್ಟು ಅವನು ಊರಿಗೆ ಮರಳಿದ. ಕೆಲವು ವರ್ಷಗಳ ಮೇಲೆ ಅವನಿಗೆ ಮತ್ತೆ ಕರೆ ಬಂತು. ಹೊರಟ ದಾರಿಯಲ್ಲಿ ಕಳ್ಳರು ಅವನನ್ನು ಸುಲಿದು, ಹೊಡೆದು ಬಿಟ್ಟರು. ಮೈಮೇಲೆ ಬಟ್ಟೆಯಿಲ್ಲದೆ ಗಾಯಗೊಂಡು ಹೇಗೋ ಸಾಲ್ಡೇ ಮುಟ್ಟಿದ. ನೋಡಿದರೆ ಅಲ್ಲಿ ಎರಡೂ ಕಡೆಯವರು ತೋಡಿದ ಒಟ್ಟು ಉದ್ದ ಬೆಟ್ಟದ ಅಗಲವನ್ನೇ ಮೀರಿತ್ತು, ಆದರೂ ಸುರಂಗ ಕೂಡಿರಲಿಲ್ಲ. ಮೇಲಿನ ತಂಡ ತನ್ನ ಬಲಕ್ಕೆ ವಾಲಿತ್ತು, ಕೆಳಗಿನ ತಂಡವೂ ತನ್ನ ಬಲಕ್ಕೇ ವಾಲಿತ್ತು. ಬೆಟ್ಟದ ಮೇಲೆ ಕಂಬ ನೆಟ್ಟು ತಾನು ಗುರುತಿಸಿದ್ದ ಗೆರೆಯನ್ನು ಯಾರೂ ಗಮನಿಸಿರಲಿಲ್ಲ ಎಂದು ನೋನಿಯಸ್ ಸಿಟ್ಟಿನಿಂದಲೇ ಬರೆಸಿದ್ದಾನೆ. ಆಮೇಲೆ ನೌಕಾದಳದವರನ್ನೂ ಗಾಲ್ ಪ್ರದೇಶದ ಸಹಾಯಕ ಸೈನಿಕರನ್ನೂ ಎದುರುಬದುರು ಹಚ್ಚಿ, ಯಾರು ಮೊದಲೆಂಬ ಪೈಪೋಟಿಯಲ್ಲಿ ಕೆಲಸ ಮುಗಿಸಿದ. ತಾಳ್ಮೆ, ಶೌರ್ಯ, ಭರವಸೆ ಎಂಬ ಮೂರು ಸ್ತ್ರೀಮುಖಗಳನ್ನು ಕೆತ್ತಿದ ಕಲ್ಲಿನ ಮೇಲೆ ಈ ವೃತ್ತಾಂತವಿದೆ. ಎಂಜಿನಿಯರೊಬ್ಬ ತನ್ನ ಮೇಲೆ ಬಂದ ಆರೋಪವನ್ನು ಕಲ್ಲಿನಲ್ಲೇ ತೊಳೆದುಕೊಂಡ ಉದಾಹರಣೆ ಬೇರೆ ಇರಲಾರದು.

ರೈಲು ಬಂದ ಮೇಲೆ ಈ ಕಸುಬಿನ ಅಳತೆಯೇ ಬದಲಾಯಿತು. ಆಲ್ಪ್ಸ್ ಪರ್ವತವನ್ನು ತಳದಲ್ಲಿ ತೂರುವ ಮೊದಲ ಸುರಂಗ, ಫ್ರಾನ್ಸ್ ಮತ್ತು ಇಟಲಿಯ ನಡುವಿನ ಮೋಂ ಸೆನಿ, 1857ರಲ್ಲಿ ಶುರುವಾಯಿತು. ಅದಕ್ಕೂ ಹಿಂದಿನ ಉದ್ದದ ಸುರಂಗಗಳಲ್ಲಿ ಮೇಲಿನಿಂದ ಬಾವಿಗಳನ್ನು ಇಳಿಸಿ, ಒಂದೊಂದು ಬಾವಿಯ ತಳದಿಂದಲೂ ಎರಡು ದಿಕ್ಕಿಗೆ ತೋಡುತ್ತ ಕೆಲಸ ಹಂಚಿಕೊಳ್ಳುತ್ತಿದ್ದರು. ಇಲ್ಲಿ ತಲೆಯ ಮೇಲೆ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಎತ್ತರದ ಬೆಟ್ಟ, ಬಾವಿಯ ಮಾತೇ ಇಲ್ಲ. ಹನ್ನೆರಡು ಕಿ.ಮೀ.ಗೂ ಮಿಕ್ಕ ಉದ್ದವನ್ನು ಎರಡೇ ಬಾಯಿಗಳಿಂದ ತೋಡಬೇಕಿತ್ತು. ಕೈಯುಳಿಯ ವೇಗದಲ್ಲಿ ಅದು ಒಂದು ತಲೆಮಾರಿನ ಕೆಲಸ. 1861ರಲ್ಲಿ ಎಂಜಿನಿಯರ್ ಜೆರ್ಮೇನ್ ಸೊಮೇಯೆ ಒತ್ತಿದ ಗಾಳಿಯಿಂದ ಓಡುವ ಕೊರೆಯುವ ಯಂತ್ರಗಳನ್ನು ಒಳಗೆ ತಂದ. ಗಾಳಿ ಉಳಿಯನ್ನೂ ನಡೆಸಿತು, ಒಳಗಿದ್ದವರಿಗೆ ಉಸಿರೂ ಆಯಿತು. ಕೆಲಸ ನಡೆದಿರುವಾಗಲೇ, 1860ರಲ್ಲಿ, ಸಾವಾಯ್ ಪ್ರಾಂತ್ಯ ಫ್ರಾನ್ಸಿನ ಪಾಲಾಗಿ ಸುರಂಗದ ಎರಡು ಬಾಯಿಗಳು ಎರಡು ದೇಶಗಳಿಗೆ ಸೇರಿದವು. 1870ರ ಕ್ರಿಸ್‌ಮಸ್ ಹೊತ್ತಿಗೆ, ಪ್ಯಾರಿಸ್ ನಗರ ಪ್ರಷ್ಯದ ಮುತ್ತಿಗೆಯಲ್ಲಿ ಹಸಿದು ಕೂತಿದ್ದಾಗ, ಸುರಂಗ ಕೂಡಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಗುವ ಎರಡು ತಿಂಗಳ ಮೊದಲೇ ಸೊಮೇಯೆ ತೀರಿಕೊಂಡಿದ್ದ. ಲಂಡನ್‌ನಿಂದ ಭಾರತಕ್ಕೆ ಹೊರಟ ಅಂಚೆಯ ಚೀಲಗಳು ಆಮೇಲೆ ಈ ಸುರಂಗ ಹಾದು, ಇಟಲಿಯ ಬ್ರಿಂಡಿಸಿ ಬಂದರಿನಲ್ಲಿ ಹಡಗೇರಿ ಮುಂಬಯಿಗೆ ಬರುತ್ತಿದ್ದವು.

ಗೊಥಾರ್ಡ್ ಸುರಂಗದ ಕಥೆ ಇನ್ನೂ ಕಠಿಣವಾದದ್ದು. ಸ್ವಿಟ್ಜರ್ಲೆಂಡಿನ ಗೋಶೆನೆನ್ ಮತ್ತು ಐರೋಲೊ ಹಳ್ಳಿಗಳ ನಡುವೆ 15 ಕಿ.ಮೀ. ಉದ್ದ ತೋಡಲು ಲೂಯಿ ಫಾವ್ರ್ ಎಂಬ ಗುತ್ತಿಗೆದಾರ ಎಂಟು ವರ್ಷಗಳ ಗಡುವಿಗೆ ಒಪ್ಪಿಕೊಂಡ. ತಡವಾದರೆ ದಂಡ, ಅದೂ ದಿನಕ್ಕಿಷ್ಟು ಎಂಬ ಲೆಕ್ಕದಲ್ಲಿ. 1872ರಲ್ಲಿ ಕೆಲಸ ಹಿಡಿದ. ಡೈನಮೈಟ್ ಆಗ ಹೊಸದು. ಅದರ ಹೊಗೆ, ಬಂಡೆಯ ದೂಳು, ಮೊಣಕಾಲುದ್ದದ ನೀರು, 30 ಡಿಗ್ರಿ ದಾಟಿದ ಸೆಕೆ ಇವುಗಳ ನಡುವೆ ದುಡಿದವರಲ್ಲಿ ಹೆಚ್ಚಿನವರು ಇಟಲಿಯ ಬಡ ರೈತರು. 1875ರ ಜುಲೈನಲ್ಲಿ ಗೋಶೆನೆನ್‌ನಲ್ಲಿ ಅವರು ಕೆಲಸ ನಿಲ್ಲಿಸಿದಾಗ ಗೋಲಿಬಾರ್ ನಡೆದು ನಾಲ್ವರು ಸತ್ತರು. ಶೌಚದ ವ್ಯವಸ್ಥೆಯೇ ಇಲ್ಲದ ಬಿಸಿ ಕೆಸರಿನಲ್ಲಿ ಕೊಕ್ಕೆಹುಳು ಹಬ್ಬಿ ಸಾವಿರಾರು ಮಂದಿಯ ರಕ್ತ ಬತ್ತಿಸಿತು. ಈ ರೋಗದ ಬಗ್ಗೆ ಯುರೋಪಿನ ವೈದ್ಯರಿಗೆ ಸರಿಯಾದ ತಿಳಿವಳಿಕೆ ಬಂದದ್ದೇ ಗೊಥಾರ್ಡ್ ಕಾರ್ಮಿಕರಿಂದ. ಅಪಘಾತಗಳಲ್ಲಿ ಸತ್ತವರು ಇನ್ನೂರರ ಹತ್ತಿರ. ರೋಗ ಹೊತ್ತು ಊರಿಗೆ ಮರಳಿ ಸತ್ತವರು ಆ ಲೆಕ್ಕಕ್ಕೆ ಬರಲಿಲ್ಲ. ಫಾವ್ರ್ ಕೂಡ 1879ರ ಜುಲೈ 19ರಂದು ಸುರಂಗದೊಳಗೆ ತಪಾಸಣೆಗೆ ಹೋದಾಗಲೇ ಹೃದಯಾಘಾತದಿಂದ ಕುಸಿದ.

1880ರ ಫೆಬ್ರುವರಿ ಕೊನೆಯಲ್ಲಿ ದಕ್ಷಿಣದ ಕಡೆಯಿಂದ ಹೊರಟ ಪರೀಕ್ಷಾ ಸಲಾಕೆ ಆಚೆ ಬದಿಗೆ ತೂರಿತು. ಆ ಕಿರುಕಂಡಿಯಲ್ಲಿ ಮೊದಲು ದಾಟಿದ್ದು ತಗಡಿನ ಪೆಟ್ಟಿಗೆಯಲ್ಲಿಟ್ಟ ಫಾವ್ರ್‌ನ ಭಾವಚಿತ್ರ. ಮರುದಿನ, ಫೆಬ್ರುವರಿ 29ರಂದು, ಉಳಿದ ಗೋಡೆ ಒಡೆಯಿತು. ಎರಡು ಬದಿಯ ಗೆರೆಗಳ ನಡುವೆ ಅಡ್ಡಡ್ಡಕ್ಕೆ 33 ಸೆಂ.ಮೀ., ಮೇಲೆಕೆಳಗೆ 5 ಸೆಂ.ಮೀ. ವ್ಯತ್ಯಾಸ ಬಂದಿತ್ತು. ಏಳೂವರೆ ಕಿ.ಮೀ. ಕತ್ತಲಲ್ಲಿ ನಡೆದು ಇಷ್ಟು ಹತ್ತಿರ ಬಂದದ್ದು ಹೇಗೆಂಬುದೇ ಈ ಕಸುಬಿನ ನಿಜವಾದ ವಿದ್ಯೆ.

ಕೆಲಸ ಬೆಟ್ಟದ ಮೇಲೆ ಶುರುವಾಗುತ್ತದೆ. ಒಂದು ಬಾಯಿಯಿಂದ ಇನ್ನೊಂದು ಬಾಯಿ ಕಾಣುವುದಿಲ್ಲವಾದ್ದರಿಂದ ಶಿಖರಗಳ ಮೇಲೆ ಗುರುತುಗಂಬ ನೆಟ್ಟು, ತ್ರಿಕೋನಗಳ ಸರಪಳಿ ಹೆಣೆದು, ಕೋನಗಳನ್ನು ಮತ್ತೆ ಮತ್ತೆ ಅಳೆಯಬೇಕು. ಗೊಥಾರ್ಡ್‌ನಲ್ಲಿ ಒಟ್ಟೊ ಗೆಲ್ಪ್ಕೆ ಮತ್ತು ಕಾರ್ಲ್ ಕೊಪ್ಪೆ ಈ ಅಳತೆಯನ್ನು ಬೇರೆ ಬೇರೆಯಾಗಿ ಮಾಡಿದರು. ಇಬ್ಬರ ಉತ್ತರ ತಾಳೆಯಾದ ಮೇಲೆಯೇ ಗೆರೆ ನಿಶ್ಚಯವಾದದ್ದು. ಆ ಗೆರೆಯನ್ನು ಸುರಂಗದ ಬಾಯಿಯೆದುರಿನ ವೀಕ್ಷಣಾ ಕಟ್ಟೆಯಿಂದ ಥಿಯೊಡೊಲೈಟ್ ಹಿಡಿದು ಒಳಗೆ ಸಾಗಿಸಬೇಕು. ಒಳಗೆ ಕಾಣುವ ಗುರಿ ಒಂದು ದೀಪ. ಹೊಗೆ ಇದ್ದರೆ ದೀಪ ಕಾಣದು, ಹಾಗಾಗಿ ಅಳತೆಯ ದಿನ ಸ್ಫೋಟವೆಲ್ಲ ಬಂದ್. ಬಾಯಲ್ಲಿ ಕೂದಲೆಳೆಯಷ್ಟು ತಪ್ಪಿದ ಕೋನ ಏಳು ಕಿ.ಮೀ. ಒಳಗೆ ಹೋಗುವಷ್ಟರಲ್ಲಿ ಗಜಗಟ್ಟಲೆ ಹಿಗ್ಗುತ್ತದೆ. ಎರಡು ಬದಿಗಳು ಸಮೀಪಿಸಿದಾಗ ಮೊದಲು ಕೇಳುವುದು ಆಚೆಯ ಸ್ಫೋಟದ ಗುದ್ದು, ಆಮೇಲೆ ಉಳಿಯ ಟಕಟಕ. ಆಗ ಒಂದು ಕಡೆಯವರು ಕೆಲಸ ನಿಲ್ಲಿಸಿ ಹಿಂದೆ ಸರಿಯುವುದು ನಿಯಮ. ಇಲ್ಲವಾದರೆ ಇವರ ಮದ್ದು ಅವರ ಮೈಮೇಲೆ ಸಿಡಿಯುತ್ತದೆ. ಕಂಡಿ ಬಿದ್ದಾಗ ಸಾಮಾನ್ಯವಾಗಿ ಗಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನುಗ್ಗಿ ಹೊಗೆಯನ್ನೆಲ್ಲ ಹೊತ್ತೊಯ್ಯುತ್ತದೆ. ಇದೆಲ್ಲ ವಾರಗಳ ಮುಂಚೆಯೇ ಲೆಕ್ಕಕ್ಕೆ ಸಿಕ್ಕಿರುವ ಸಂಗತಿ. ಪತ್ರಿಕೆಯವರಿಗೂ ಮಂತ್ರಿಗಳಿಗೂ ದಿನ ಗೊತ್ತುಮಾಡಿ ಆಹ್ವಾನ ಕಳಿಸುವಷ್ಟು ನಿಚ್ಚಳವಾದದ್ದು. ಆಕಸ್ಮಿಕ ಎನ್ನುವುದಾದರೆ ಕೊನೆಯ ಅಂಗುಲಗಳ ಬಂಡೆ ಉದುರಿದ್ದಷ್ಟೇ ಆಕಸ್ಮಿಕ.

ನಿಜಕ್ಕೂ ಆಕಸ್ಮಿಕವಾಗಿ ಒಡೆದದ್ದು ಸ್ವಿಟ್ಜರ್ಲೆಂಡಿನದೇ ಲೋಚ್‌ಬರ್ಗ್ ಸುರಂಗ. 1908ರ ಜುಲೈ 24ರ ನಸುಕಿನಲ್ಲಿ, ಗಾಸ್ಟರ್ನ್ ಕಣಿವೆಯ ಕೆಳಗೆ ಸಿಡಿಸಿದ ಮದ್ದು ಗಟ್ಟಿ ಬಂಡೆಯ ಬದಲು ಹಿಮನದಿ ತುಂಬಿಹೋಗಿದ್ದ ಜಲ್ಲಿ-ಮಣ್ಣಿನ ಪದರವನ್ನು ತೆರೆಯಿತು. ಕೆಸರು, ನೀರು, ಕಲ್ಲು ಒಳನುಗ್ಗಿ 25 ಕಾರ್ಮಿಕರನ್ನು ಹೂತುಹಾಕಿತು. ಕಣಿವೆಯ ತಳ ಎಷ್ಟು ಆಳಕ್ಕಿದೆ ಎಂದು ಮೊದಲೇ ಕೊರೆದು ನೋಡಿರಲಿಲ್ಲ. ಆ ಭಾಗಕ್ಕೆ ಗೋಡೆ ಕಟ್ಟಿ ಮುಚ್ಚಿ, ದಾರಿಯನ್ನು ಬಳಸಿ ತಿರುಗಿಸಿ, 1911ರ ಮಾರ್ಚ್ 31ರಂದು ಎರಡು ಬದಿಗಳನ್ನು ಕೂಡಿಸಿದರು. ನಕ್ಷೆಯಲ್ಲಿ ಆ ಬಳಸುದಾರಿಯ ಬಾಗು ಈಗಲೂ ಕಾಣುತ್ತದೆ.

ಸುರಂಗ ಕೂಡಿದ ದಿನವನ್ನು ಹಬ್ಬವಾಗಿ ಆಚರಿಸುವ ವಾಡಿಕೆ ಈ ಆಲ್ಪ್ಸ್ ಕೆಲಸಗಳಲ್ಲಿ ಗಟ್ಟಿಯಾಯಿತು. ಗಣಿಗಾರರ ರಕ್ಷಕಿ ಸಂತ ಬಾರ್ಬರಾಳ ವಿಗ್ರಹವನ್ನು ಸುರಂಗದ ಬಾಯಲ್ಲಿ ಕೂರಿಸುತ್ತಾರೆ. ಡಿಸೆಂಬರ್ 4 ಅವಳ ಹಬ್ಬ, ಅಂದು ಕೆಲಸಕ್ಕೆ ರಜೆ. 2010ರ ಅಕ್ಟೋಬರ್ 15ರಂದು 57 ಕಿ.ಮೀ. ಉದ್ದದ ಹೊಸ ಗೊಥಾರ್ಡ್ ತಳಸುರಂಗ ಕೂಡಿದಾಗಲೂ ಗಣಿಗಾರನೊಬ್ಬ ಬಾರ್ಬರಾಳ ವಿಗ್ರಹ ಹಿಡಿದೇ ಕಂಡಿಯಿಂದ ಹೊರಬಂದ. ಅಲ್ಲಿ ಅಡ್ಡ ವ್ಯತ್ಯಾಸ 8 ಸೆಂ.ಮೀ., ಎತ್ತರದ ವ್ಯತ್ಯಾಸ 1 ಸೆಂ.ಮೀ. ಇಂಗ್ಲಿಷ್ ಕಡಲ್ಗಾಲುವೆಯ ತಳದಲ್ಲಿ 1990ರ ಡಿಸೆಂಬರ್ 1ರಂದು ಬ್ರಿಟಿಷ್ ಮತ್ತು ಫ್ರೆಂಚ್ ಕಾರ್ಮಿಕರಿಬ್ಬರು ಕೈಕುಲುಕಿ ಬಾವುಟ ಬದಲಿಸಿಕೊಂಡ ಚಿತ್ರ ಜಗತ್ತೆಲ್ಲ ಹರಡಿತು. ಆದರೆ ಅಕ್ಟೋಬರ್ 30ರಂದೇ ಎರಡು ಅಂಗುಲದ ಪರೀಕ್ಷಾ ಸಲಾಕೆ ಆಚೆ ತೂರಿ, ತಾವು ಸರಿಯಾದ ಜಾಗದಲ್ಲಿದ್ದೇವೆಂದು ಎಂಜಿನಿಯರುಗಳಿಗೆ ಖಾತ್ರಿಯಾಗಿತ್ತು. ಕೈಕುಲುಕಿದ್ದು ಕ್ಯಾಮೆರಾಕ್ಕೆ. ಕೆಲಸ ಮುಗಿಸಿದ ಬ್ರಿಟಿಷ್ ಯಂತ್ರಗಳನ್ನು ಹೊರತರಲಾಗದೆ, ಪಕ್ಕಕ್ಕೆ ಇಳಿಜಾರಾಗಿ ಕೊರೆಸಿ ಅಲ್ಲೇ ಕಾಂಕ್ರೀಟಿನಲ್ಲಿ ಹೂತುಬಿಟ್ಟರು.

ಕರ್ನಾಟಕದ ಓದುಗರಿಗೆ ಈ ಪದ ಅಕ್ಷರಶಃ ಅರ್ಥದಲ್ಲಿ ಪರಿಚಯವಾದದ್ದು ನಮ್ಮ ಮೆಟ್ರೊದಿಂದ. ಮೊದಲ ಹಂತದಲ್ಲಿ ಹೆಲೆನ್, ಮಾರ್ಗರೀಟಾ, ಕಾವೇರಿ, ಕೃಷ್ಣಾ, ಗೋದಾವರಿ ಹೆಸರಿನ ಯಂತ್ರಗಳು ಬೆಂಗಳೂರಿನ ನೆಲ ಕೊರೆದವು. ಇಲ್ಲಿನ ನೆಲದಲ್ಲಿ ಗಟ್ಟಿ ಗ್ರಾನೈಟ್ ಮತ್ತು ಸಡಿಲ ಮಣ್ಣು ಬೆರೆತು ಸಿಗುವುದರಿಂದ ಯಂತ್ರದ ಹಲ್ಲುಗಳು ಸವೆದು ತಿಂಗಳುಗಟ್ಟಲೆ ನಿಂತದ್ದೂ ಉಂಟು. ಎರಡನೆಯ ಹಂತದಲ್ಲಿ 2020ರ ಜುಲೈನಲ್ಲಿ ದಂಡು ನಿಲ್ದಾಣದ ಕಡೆಯಿಂದ ಹೊರಟ ‘ಊರ್ಜಾ’ ಸುಮಾರು 850 ಮೀಟರ್ ಕೊರೆದು 2021ರ ಸೆಪ್ಟೆಂಬರ್ 22ರಂದು ಶಿವಾಜಿನಗರದಲ್ಲಿ ಹೊರಬಂತು. ಒಂದು ಕಿಲೋಮೀಟರ್ ಕೂಡ ಇಲ್ಲದ ದಾರಿಗೆ ವರ್ಷದ ಮೇಲೆ ಹಿಡಿಯಿತು. ಗೋಡೆ ಬಿರಿದು, ತಿರುಗುವ ಉಕ್ಕಿನ ಮುಖ ದೂಳಿನ ನಡುವೆ ಹೊರಗೆ ಇಣುಕುವ ದೃಶ್ಯಕ್ಕೆ ಮಾತ್ರ ಕೆಲವೇ ನಿಮಿಷ ಸಾಕು. ಮೊಬೈಲುಗಳಲ್ಲಿ ಓಡಾಡಿದ್ದು ಆ ನಿಮಿಷಗಳೇ. ಯಂತ್ರಕ್ಕೆ ಹೆಣ್ಣಿನ ಹೆಸರಿಡುವ ಪದ್ಧತಿ ಬಾರ್ಬರಾಳನ್ನು ನೆನೆಯುವ ಸುರಂಗದವರಿಂದ ಬಂದದ್ದು ಎನ್ನುತ್ತಾರೆ. ನದಿಗಳಿಗೆ ಹೆಣ್ಣಿನ ಹೆಸರಿರುವ ಊರಿನಲ್ಲಿ ಅದು ಸಲೀಸಾಗಿ ಒಗ್ಗಿತು.

ಇಂಗ್ಲಿಷಿನಲ್ಲಿ ಪದವನ್ನು ನಾಮಪದವಾಗಿ ಗಟ್ಟಿ ಮಾಡಿದ್ದು ಸೈನ್ಯ. ಮೊದಲನೆಯ ಮಹಾಯುದ್ಧದಲ್ಲಿ, 1914ರ ಕೊನೆಯ ಹೊತ್ತಿಗೆ, ಪಶ್ಚಿಮ ಯುರೋಪಿನಲ್ಲಿ ಸಮುದ್ರ ತೀರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಸುಮಾರು 700 ಕಿ.ಮೀ. ಕಂದಕಗಳು ಮೂಡಿದ್ದವು. ಬಳಸಿ ಹೋಗಲು ಬದಿಯೇ ಇಲ್ಲದ ಸಾಲು. ಮುಂದಿನ ಮೂರು ವರ್ಷ ಸೇನಾಪತಿಗಳ ತಲೆ ತುಂಬ ಇದ್ದದ್ದು ಒಂದೇ ಯೋಚನೆ: ಎಲ್ಲಾದರೂ ಒಂದು ಕಡೆ ಒಡೆದು, ಕುದುರೆ ದಳವನ್ನು ಆಚೆ ಬಿಡುವುದು. 1916ರ ಜುಲೈ 1ರಂದು ಸೊಮ್ ನದಿಯ ಬಳಿ ಅದಕ್ಕಾಗಿ ನಡೆದ ಮೊದಲ ದಿನದ ದಾಳಿಯಲ್ಲಿ ಬ್ರಿಟಿಷ್ ಸೇನೆ 57,470 ಮಂದಿಯನ್ನು ಕಳೆದುಕೊಂಡಿತು. ಅವರಲ್ಲಿ ಸತ್ತವರೇ 19,240. ಗಾಯಾಳು, ಕಾಣೆಯಾದವರು ಉಳಿದ ಲೆಕ್ಕ. ಹಿಂದೆ ಕಾದಿದ್ದ ಕುದುರೆಗಳಿಗೆ ಆ ದಿನ ಹೊರಡುವ ಸಂದರ್ಭವೇ ಬರಲಿಲ್ಲ.

ಇದೇ ಯುದ್ಧದಲ್ಲಿ ಸುರಂಗದವರೂ ಸೈನಿಕರೂ ಒಂದಾದರು. 1915ರಲ್ಲಿ ಜಾನ್ ನಾರ್ಟನ್-ಗ್ರಿಫಿತ್ಸ್ ಎಂಬ ಗುತ್ತಿಗೆದಾರ ಮ್ಯಾಂಚೆಸ್ಟರಿನ ಒಳಚರಂಡಿ ತೋಡುತ್ತಿದ್ದ ಆಳುಗಳನ್ನು ಸೈನ್ಯಕ್ಕೆ ಕರೆತಂದ. ಮರದ ಆನಿಕೆಗೆ ಬೆನ್ನು ಕೊಟ್ಟು ಅರೆ ಮಲಗಿ, ಪಾದಗಳಿಂದ ಸಲಿಕೆ ಒದ್ದು ಜೇಡಿಮಣ್ಣು ತೆಗೆಯುವುದು ಅವರ ರೀತಿ. ಸದ್ದಿಲ್ಲದ ಕೆಲಸವಾದ್ದರಿಂದ ಶತ್ರುವಿನ ಕಂದಕದ ಕೆಳಗೂ ನಡೆಯುತ್ತಿತ್ತು. ಎರಡು ವರ್ಷ ತೋಡಿದ ಮೇಲೆ 1917ರ ಜೂನ್ 7ರ ನಸುಕಿನ 3.10ಕ್ಕೆ ಬೆಲ್ಜಿಯಮ್ಮಿನ ಮೆಸೀನ್ ದಿಬ್ಬದ ಕೆಳಗೆ 19 ಮದ್ದಿನ ಗುಂಡಿಗಳು ಸಿಡಿದವು. ಅವುಗಳಲ್ಲಿ ತುಂಬಿದ್ದ ಮದ್ದು 450 ಟನ್ನುಗಳಷ್ಟು. ದಿಬ್ಬ ಕೈಸೇರಿತು. ಮುಂದಿನ ದೊಡ್ಡ ದಾಳಿ ಶುರುವಾದದ್ದು ಏಳು ವಾರಗಳಿಗೂ ಹೆಚ್ಚು ತಡವಾಗಿ. ಅಷ್ಟರಲ್ಲಿ ಜರ್ಮನ್ನರು ಹಿಂದೆ ಹೊಸ ಸಾಲುಗಳನ್ನು ಭದ್ರಮಾಡಿಕೊಂಡಿದ್ದರು. ಅದೇ ವರ್ಷದ ನವೆಂಬರ್ 20ರಂದು ಕಾಂಬ್ರೇ ಬಳಿ ನಾನೂರಕ್ಕೂ ಹೆಚ್ಚು ಟ್ಯಾಂಕುಗಳು ಸಾಲನ್ನು ಒಡೆದಾಗ ಇಂಗ್ಲೆಂಡಿನ ಚರ್ಚುಗಳು ಗಂಟೆ ಬಾರಿಸಿದವು. ಹತ್ತು ದಿನಕ್ಕೆ ಎದುರು ದಾಳಿಯಾಗಿ ಗೆದ್ದ ನೆಲದ ಬಹುಪಾಲು ಕೈಬಿಟ್ಟಿತು. 1918ರ ಮಾರ್ಚ್ 21ರಂದು ಜರ್ಮನಿಯ ಸರದಿ: ಸುಮಾರು 60 ಕಿ.ಮೀ. ಮುಂದೆ ನುಗ್ಗಿದ ಸೇನೆಗೆ ಹಿಂದಿನಿಂದ ಅನ್ನ, ಮದ್ದು, ಫಿರಂಗಿ ತಲುಪದೆ ದಾಳಿ ತಾನಾಗಿ ನಿಂತಿತು.

ಈ ಸೋಲುಗಳಿಂದ ಸೈನಿಕ ಭಾಷೆ ಮೂರು ಮಾತುಗಳನ್ನು ಬೇರೆ ಮಾಡಿಕೊಂಡಿತು. ಸಾಲಿನೊಳಗೆ ಹೊಗುವುದು ಬ್ರೇಕ್-ಇನ್, ಎಲ್ಲ ಸಾಲುಗಳನ್ನೂ ದಾಟುವುದು ಬ್ರೇಕ್‌ಥ್ರೂ, ದಾಟಿದ ಮೇಲೆ ಬಯಲಿಗೆ ಹರಡಿ ಓಡುವುದು ಬ್ರೇಕ್-ಔಟ್. ಚಕ್ರವ್ಯೂಹ ಹೊಕ್ಕ ಅಭಿಮನ್ಯುವಿಗೆ ಒದಗಿದ್ದು ಮೊದಲನೆಯದು ಮಾತ್ರ. ಕಾಂಬ್ರೇಯಲ್ಲೂ ಆದದ್ದು ಬಹುತೇಕ ಅಷ್ಟೇ.

ಮೂರೂ ಹಂತಗಳು ಒಂದರ ಬೆನ್ನಿಗೊಂದು ಕೈಗೂಡಿದ್ದು ಪ್ಯಾಲೆಸ್ಟೈನಿನಲ್ಲಿ, ಅದರಲ್ಲಿ ಮೈಸೂರಿಗೂ ಪಾಲಿದೆ. 1918ರ ಸೆಪ್ಟೆಂಬರ್ 19ರ ಬೆಳಗ್ಗೆ ಬ್ರಿಟಿಷ್ ಜನರಲ್ ಅಲೆನ್‌ಬಿಯ ಕಾಲಾಳುಗಳು ಕರಾವಳಿಯ ಬಳಿ ಆಟೊಮನ್ ಸಾಲನ್ನು ಒಡೆದರು. ತೆರೆದ ದಾರಿಯಲ್ಲಿ ಕುದುರೆ ದಳಗಳು ನುಗ್ಗಿದವು. ನಾಲ್ಕು ದಿನಗಳ ಮೇಲೆ, ಸೆಪ್ಟೆಂಬರ್ 23ರಂದು, ಜೋಧಪುರ ಮತ್ತು ಮೈಸೂರು ಲ್ಯಾನ್ಸರುಗಳು ಹೈಫಾ ಬಂದರನ್ನು ಹಿಡಿದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಮೇಲೆ ಏರಿಹೋಯಿತು, ಜೋಧಪುರದವರು ಊರಿನತ್ತ ನುಗ್ಗಿದರು. ಅಕ್ಟೋಬರ್ 1ಕ್ಕೆ ಡಮಾಸ್ಕಸ್ ಬಿತ್ತು. ದೆಹಲಿಯ ತೀನ್ ಮೂರ್ತಿಯ ಮೂವರು ಯೋಧರು ಪ್ರತಿನಿಧಿಸುವುದು ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಈ ದಳಗಳನ್ನೇ. ಫ್ರಾನ್ಸಿನಲ್ಲಿ ನಾಲ್ಕು ವರ್ಷ ಕುದುರೆಗಳನ್ನು ಕಟ್ಟಿ ಕಾದದ್ದಕ್ಕೆ ಪ್ಯಾಲೆಸ್ಟೈನಿನಲ್ಲಿ ಫಲ ಸಿಕ್ಕಿತೆನ್ನಬಹುದು. ಅದಕ್ಕೂ ತಿಂಗಳುಗಳ ತಯಾರಿ, ಸುಳ್ಳು ಪಾಳೆಯ ಹೂಡಿ ಶತ್ರುವಿನ ಕಣ್ಣು ತಪ್ಪಿಸಿದ ಜಾಣತನ ಹಿಂದಿದ್ದವು. 1940ರ ಮೇ ತಿಂಗಳಲ್ಲಿ ಸೆಡಾನ್ ಬಳಿ ನದಿ ದಾಟಿದ ಜರ್ಮನ್ ಟ್ಯಾಂಕುಗಳು ಒಂದೇ ವಾರದಲ್ಲಿ ಕಡಲ ತೀರ ಮುಟ್ಟಿದ ಮೇಲೆ ಈ ಪದ ಮನೆಮನೆಯ ರೇಡಿಯೊ ಮಾತಾಯಿತು.

ಎರಡನೆಯ ಮಹಾಯುದ್ಧ ವಿಜ್ಞಾನವನ್ನು ಸೈನ್ಯದ ಅಂಗವನ್ನಾಗಿ ಮಾಡಿತ್ತು. ರಾಡಾರ್, ಪೆನಿಸಿಲಿನ್, ಅಣುಬಾಂಬ್ ಯೋಜನೆಗಳಲ್ಲಿ ದುಡಿದವರ ಜೊತೆ ಸೈನ್ಯದ ಮಾತುಗಳೂ ಪ್ರಯೋಗಾಲಯಕ್ಕೆ ಬಂದುದು ಸಹಜ. ರೋಗದ ಮೇಲೆ ಯುದ್ಧ, ಸಂಶೋಧನೆಯ ಮುಂಚೂಣಿ, ಗುರಿ, ಕಾರ್ಯಾಚರಣೆ ಎಲ್ಲ ಅದೇ ಬಳಗದವು. ಶೀತಲ ಸಮರದ ಪೈಪೋಟಿಯಲ್ಲಿ ಶತ್ರು ಎಲ್ಲಿ ಮೊದಲು ಒಡೆದು ದಾಟುವನೋ ಎಂಬ ಆತಂಕವೂ ಸೇರಿತು. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅಮೆರಿಕದಲ್ಲಿ ಎದ್ದ ಗದ್ದಲದ ಹಿಂದಿದ್ದದ್ದು ಅದೇ ಆತಂಕ.

ಯಾವುದು ಬ್ರೇಕ್‌ಥ್ರೂ ಎಂದು ಆ ಕ್ಷಣದಲ್ಲಿ ಗುರುತಿಸುವುದು ಎಷ್ಟು ಕಷ್ಟವೆಂಬುದಕ್ಕೆ ಎರಡು ಘಟನೆಗಳನ್ನು ಅಕ್ಕಪಕ್ಕ ಇಡಬಹುದು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಕೆಲಸ ಮಾಡಿತು. 1948ರ ಜೂನ್ 30ರಂದು ಅದನ್ನು ಪತ್ರಿಕೆಯವರ ಮುಂದಿಟ್ಟಾಗ ‘ನ್ಯೂಯಾರ್ಕ್ ಟೈಮ್ಸ್’ ಆ ಸುದ್ದಿಯನ್ನು ಮರುದಿನ 46ನೆಯ ಪುಟದ ರೇಡಿಯೊ ಅಂಕಣದ ಕೊನೆಗೆ ಹಾಕಿತು. ಇನ್ನೊಂದು ಪೋಲಿಯೊ ಲಸಿಕೆ. 1955ರ ಏಪ್ರಿಲ್ 12ರಂದು ಆ್ಯನ್ ಆರ್ಬರ್‌ನಲ್ಲಿ ವಿಜ್ಞಾನಿ ಸಾಲ್ಕ್ ರೂಪಿಸಿದ ಲಸಿಕೆಯ ಪರೀಕ್ಷೆ ಯಶಸ್ವಿ ಎಂದು ಪ್ರಕಟಿಸಿದಾಗ ಅಮೆರಿಕದ ಊರುಗಳಲ್ಲಿ ಗಂಟೆ ಮೊಳಗಿ, ಜನ ಬೀದಿಯಲ್ಲಿ ಅತ್ತರು. ಪರೀಕ್ಷೆಯಲ್ಲಿ ಪಾಲ್ಗೊಂಡ ಮಕ್ಕಳು ಸುಮಾರು 18 ಲಕ್ಷ. ಆದರೆ ಬಂಡೆ ಒಡೆದದ್ದು 1949ರಲ್ಲಿ, ಜಾನ್ ಎಂಡರ್ಸ್, ಥಾಮಸ್ ವೆಲ್ಲರ್, ಫ್ರೆಡರಿಕ್ ರಾಬಿನ್ಸ್ ಸೇರಿ ಪೋಲಿಯೊ ವೈರಸನ್ನು ನರಕೋಶವಲ್ಲದ ಅಂಗಾಂಶದಲ್ಲಿ ಗಾಜಿನ ಪಾತ್ರೆಯೊಳಗೆ ಬೆಳೆಸಿದಾಗ. ಅದಿಲ್ಲದೆ ಲಸಿಕೆಗೆ ಬೇಕಾದಷ್ಟು ವೈರಸ್ ಎಲ್ಲಿಂದಲೂ ಸಿಗುತ್ತಿರಲಿಲ್ಲ. 1954ರ ನೊಬೆಲ್ ಅವರಿಗೆ ಸಂದಿತು, ಸಾಲ್ಕ್‌ಗೆ ಬರಲೇ ಇಲ್ಲ. ಗಂಟೆ ಬಾರಿಸಿದ ಕೆಲವೇ ವಾರಗಳಲ್ಲಿ, ಸರಿಯಾಗಿ ನಿಷ್ಕ್ರಿಯವಾಗದ ವೈರಸ್ ಉಳಿದಿದ್ದ ಲಸಿಕೆಯ ಕೆಲವು ಬ್ಯಾಚುಗಳಿಂದ ಮಕ್ಕಳಿಗೆ ಪೋಲಿಯೊ ತಗುಲಿ, ವಿತರಣೆಯನ್ನು ತಡೆಹಿಡಿಯಬೇಕಾಯಿತು. ದಾಟಿದೆವೆಂದು ಗಂಟೆ ಬಾರಿಸಿದ ಮೇಲೆ ಹಿಂದೆ ಸರಿದದ್ದು ಕಾಂಬ್ರೇಯಲ್ಲೂ ಹೀಗೆಯೇ.

20ನೆಯ ಶತಮಾನದ ಕೊನೆಗೆ ಪದ ಸಂಸ್ಥೆಗಳ ಮೊಹರಾಗಿ ಬದಲಾಯಿತು. ‘ಸೈನ್ಸ್’ ಪತ್ರಿಕೆ 1989ರಿಂದ ಕೊಡುತ್ತಿದ್ದ ವರ್ಷದ ಅಣು ಎಂಬ ಮನ್ನಣೆಯನ್ನು 1996ರಲ್ಲಿ ವರ್ಷದ ಬ್ರೇಕ್‌ಥ್ರೂ ಎಂದು ಬದಲಿಸಿತು. ಅಂದರೆ ವರ್ಷಕ್ಕೊಂದು ಸಿಗಲೇಬೇಕೆಂಬ ನಿರೀಕ್ಷೆ ಹುಟ್ಟಿತು. 2012ರಲ್ಲಿ ಶುರುವಾಗಿ ಆಮೇಲೆ ಬ್ರೇಕ್‌ಥ್ರೂ ಎಂದೇ ಹೆಸರಾದ 30 ಲಕ್ಷ ಡಾಲರಿನ ಬಹುಮಾನವನ್ನು ಮೊದಲ ವರ್ಷ ಭೌತಶಾಸ್ತ್ರದಲ್ಲಿ ಪಡೆದವರಲ್ಲಿ, ಆಮೇಲೆ ಬೆಂಗಳೂರಿನ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರಕ್ಕೆ ಬಂದ ಅಶೋಕ್ ಸೆನ್ ಒಬ್ಬರು. ಅವರ ಸ್ಟ್ರಿಂಗ್ ಸಿದ್ಧಾಂತದ ಕೆಲಸ ದಶಕಗಳ ಗಣಿತ, ಒಂದು ಬೆಳಗಿನ ಹೊಳಹಲ್ಲ.

ಅದೇ 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಕಾನೂನು ಬ್ರೇಕ್‌ಥ್ರೂ ಚಿಕಿತ್ಸೆ ಎಂಬ ವರ್ಗವನ್ನೇ ಸೃಷ್ಟಿಸಿತು. ಗಂಭೀರ ರೋಗಕ್ಕೆ ಈಗಿರುವ ಚಿಕಿತ್ಸೆಗಿಂತ ಗಮನಾರ್ಹವಾಗಿ ಮೇಲೆಂದು ಆರಂಭಿಕ ಪ್ರಯೋಗಗಳಲ್ಲಿ ಸುಳಿವು ಕಂಡ ಔಷಧಿಗೆ ಈ ಪಟ್ಟ ಸಿಗುತ್ತದೆ, ಪರಿಶೀಲನೆ ಬೇಗ ನಡೆಯುತ್ತದೆ. ರೋಗಿಗಳ ದೃಷ್ಟಿಯಿಂದ ಒಳ್ಳೆಯ ಉದ್ದೇಶವೇ. ಆದರೆ ಇಲ್ಲಿ ಪದದ ಅರ್ಥ ತಲೆಕೆಳಗಾಗಿದೆ. ಸುರಂಗದವರ ಲೆಕ್ಕದಲ್ಲಿ ಇದು ಆಚೆ ಬದಿಯ ಸದ್ದು ಕೇಳಿದ ಹಂತ. ಕಂಡಿ ಇನ್ನೂ ಬಿದ್ದಿಲ್ಲ. ಔಷಧದ ವಿವರಣೆಗೆ ಈ ಒಂದು ಪದ ಸೇರಿಸಿದರೆ ಸಾಮಾನ್ಯ ಓದುಗರಿಗೆ ಅದರ ಮೇಲಿನ ನಂಬಿಕೆ ಏರುತ್ತದೆಂದು 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ವೈದ್ಯಕೀಯದಲ್ಲೇ ಪದಕ್ಕೆ ವಿರುದ್ಧ ದಿಕ್ಕಿನ ಬಳಕೆಯೂ ಇದೆ. ಲಸಿಕೆ ಪಡೆದವರಿಗೂ ತಗುಲುವ ಸೋಂಕು ಬ್ರೇಕ್‌ಥ್ರೂ ಸೋಂಕು. ನಿತ್ಯದ ಮಾತ್ರೆಯ ಹಿಡಿತ ಮೀರಿ ನುಗ್ಗುವ ಕ್ಯಾನ್ಸರ್ ನೋವು ಬ್ರೇಕ್‌ಥ್ರೂ ನೋವು. ಒಡೆದು ದಾಟಿದ್ದು ಇಲ್ಲಿ ರೋಗ. 2021ರಲ್ಲಿ ಕೋವಿಡ್ ಎರಡನೆಯ ಅಲೆಯ ಸುಮಾರಿಗೆ ಈ ಬಳಕೆ ಕನ್ನಡ ಪತ್ರಿಕೆಗಳಿಗೂ ಬಂತು.

ಕನ್ನಡದಲ್ಲಿ ಈ ಪದಕ್ಕೆ ಒಂದೇ ಸಮಾನಪದ ನೆಲೆನಿಂತಿಲ್ಲ. ವಿಜ್ಞಾನದ ಸುದ್ದಿಯಲ್ಲಿ ಮಹತ್ವದ ಸಾಧನೆ, ರಾಜಕೀಯ ಮಾತುಕತೆಯಲ್ಲಿ ಮಹತ್ವದ ಮುನ್ನಡೆ, ಕೋರ್ಟು-ತನಿಖೆಯಲ್ಲಿ ಮಹತ್ವದ ತಿರುವು ಎಂದು ಹಂಚಿಕೊಂಡು ಬಳಸುತ್ತಾರೆ. ‘ಮಹತ್ವದ’ ಎಂಬ ವಿಶೇಷಣವೇ ಅರ್ಧ ಕೆಲಸ ಮಾಡುತ್ತದೆ. ಮೆಟ್ರೊ ಸುದ್ದಿಯಲ್ಲಿ ಸುರಂಗ ಕೊರೆದು ಹೊರಬಂದ ಯಂತ್ರ ಎಂದರೆ ಸಾಕು. ಮೂಲದ ಚಿತ್ರ ಉಳಿದಿರುವುದು ಅಪರಾಧ ಪುಟದಲ್ಲಿ: ಪ್ರಕರಣ ಭೇದಿಸಿದ ಪೊಲೀಸರು ಎಂಬುದು ಅಲ್ಲಿನ ದಿನನಿತ್ಯದ ತಲೆಬರಹ. ಭೇದಿಸುವುದು ಕೋಟೆಗೂ ವ್ಯೂಹಕ್ಕೂ ಸಂಬಂಧಿಸಿದ ಹಳೆಯ ಮಾತು. ಕೆಳಗಿನ ಸುದ್ದಿ ಓದಿದರೆ ಆರೋಪಿ ಸಿಕ್ಕಿದ್ದು ಮೊಬೈಲ್ ಟವರಿನ ದಾಖಲೆಗಳನ್ನೂ ನೂರಾರು ಸಿಸಿಟಿವಿ ದೃಶ್ಯಗಳನ್ನೂ ವಾರಗಟ್ಟಲೆ ಜಾಲಾಡಿದ ಮೇಲೆ ಎಂದಿರುತ್ತದೆ.